ಒಲೆಯ ಮೇಲೆ ತೂಗಿದ ತೆನೆ

ಆಸ್ಟ್ರೇಲಿಯಾದ ಪರ್ತ್‌ನ ಪಿಯಾರಾ ವಾಟರ್ಸ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವನು ಮುಂದಿನ ಹುಲ್ಲುಹಾಸು ಅಗೆದು ಜೋಳ ಬಿತ್ತಿದ್ದ. ತೆನೆ ಕಟ್ಟುವ ಹೊತ್ತಿಗೆ ಬಿಳಿ ಗಿಳಿಗಳ ಹಿಂಡು ಬಂದು ಬೀದಿಯೆಲ್ಲ ಗಲಾಟೆ. ಎದುರುಮನೆಯವರು ಕೌನ್ಸಿಲ್‌ಗೆ ದೂರು ಕೊಡುವ ಮಾತಾಡುತ್ತಿದ್ದರು. ನನಗೆ ಮಾತ್ರ ಆ ತೆನೆಗಳನ್ನು ಕಂಡು ನಮ್ಮೂರಿನವರೊಬ್ಬರು ಸಿಕ್ಕಷ್ಟು ಸಂತೋಷವಾಯಿತು. ಬೇಲಿಯ ಮೇಲಿಂದ ಮಾತಾಡಿಸಿದೆ.

ಅವನು ದಕ್ಷಿಣ ಸುಡಾನಿನವನು. ಊರಲ್ಲಿ ರೈತ, ಆಮೇಲೆ ಅಂತರ್ಯುದ್ಧದಲ್ಲಿ ಸೈನಿಕ, ಆಮೇಲೆ ನಿರಾಶ್ರಿತ, ಈಗ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಇಷ್ಟನ್ನೂ ಮೊದಲ ದಿನವೇ, ವಿಳಾಸ ಹೇಳುವವನಂತೆ ಹೇಳಿ ಮುಗಿಸಿದ. ನಾವು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಬರೆದಿರುವುದು ಅದರಲ್ಲಿ ನನಗೆ ಉಳಿದಿರುವಷ್ಟು.

ಮಾತಿಗೆ ಮಾತು ಬಂದು ನಾನೆಂದೆ: "ನಮ್ಮಜ್ಜಿ ಒಳ್ಳೇ ತೆನೆ ಆರಿಸಿ ಒಲೆಯ ಮೇಲಿನ ತೊಲೆಗೆ ತೂಗುಹಾಕ್ತಿದ್ರು. ಬೀಜಕ್ಕೆ. ಹೊಗೆ ಹಿಡಿದರೆ ಹುಳ ಬೀಳಲ್ಲ."

ಅವನ ಕೈಯಲ್ಲಿದ್ದ ಪೈಪಿನ ನೀರು ಒಂದೇ ಗಿಡದ ಬುಡಕ್ಕೆ ಸುರಿಯುತ್ತಲೇ ಇತ್ತು.

"ನಿಮ್ಮಲ್ಲೂ ಹಾಗೇನಾ?" ಎಂದ.

ಕೆಲವು ವಾರಗಳ ನಂತರ ಅವನೇ ಕರೆದ. "ಈ ಆರ್ವೋ ಬಾ ಬ್ರದರ್, ಬಾರ್ಬಿ ಹಚ್ತೀನಿ." ಮಧ್ಯಾಹ್ನ ಬಾ, ಮಾಂಸ ಸುಡುತ್ತೇನೆ ಎಂದು ಈ ದೇಶದವರ ಮಾತಿನಲ್ಲಿ ಕರೆದದ್ದು. ಕೆಂಡದ ಮುಂದೆ ಕೂತು, ನಾನು ಕೇಳದೆಯೇ ಹೇಳತೊಡಗಿದ.

ಕೊಯ್ಲಿಗೆ ಬಂದಿದ್ದ ಅವನ ಹೊಲವನ್ನು ಯಾರೋ ಸುಟ್ಟಿದ್ದರು. ಯಾವ ಕಡೆಯವರೆಂದು ಅವನಿಗೂ ಗೊತ್ತಿರಲಿಲ್ಲ. "ಹೊಲ ಸುಟ್ಟುಹೋದ ರೈತನಿಗೆ ಯಾರು ಊಟ ಹಾಕ್ತಾರೆ? ಬಂದೂಕು ಕೊಟ್ಟವರು ಹಾಕಿದ್ರು." ಮೊದಮೊದಲು ಬಂದೂಕನ್ನು ಗುದ್ದಲಿಯಂತೆ ಹೆಗಲ ಮೇಲೆ ಅಡ್ಡ ಇಟ್ಟುಕೊಂಡು ನಡೆಯುತ್ತಿದ್ದನಂತೆ. "ಕಳೆ ಕೀಳೋಕೆ ಹೊರಟಿದ್ದೀಯೇನೋ ಅಂತ ಆಡ್ಕೊಳ್ತಿದ್ರು" ಎಂದು ನಕ್ಕ.

ಒಮ್ಮೆ ಹಸಿದ ತುಕಡಿ ಒಂದು ಹಳ್ಳಿಗೆ ಬಂತು. ಒಂದು ಗುಡಿಸಲಿನಲ್ಲಿ ಹೆಂಗಸೊಬ್ಬಳು, ಮಕ್ಕಳು. ಕಾಳಿಲ್ಲ ಎಂದಳು. ಕಣಜ ನಿಜವಾಗಿಯೂ ಖಾಲಿ. ಉಳಿದ ಸೈನಿಕರು ಪೇಟೆಯವರು, ಹೊರಡಲು ತಿರುಗಿದ್ದರು. ಅಲ್ಲಿ ಬಿತ್ತಿ ಬೆಳೆದವನು ಅವನೊಬ್ಬನೇ. ಒಲೆಯ ಮೇಲಿನ ಮಾಡಿನಲ್ಲಿ, ಮಸಿ ಹಿಡಿದು ಕಪ್ಪಾಗಿ, ಬೀಜದ ತೆನೆಯ ಕಟ್ಟು ತೂಗುತ್ತಿದ್ದುದು ಅವನಿಗೆ ಮಾತ್ರ ಗೊತ್ತಾಯಿತು. ಅವನು ತಲೆ ಎತ್ತಿ ನೋಡಿದ. ಅವನ ಕಣ್ಣಿನ ಹಿಂದೆ ಎಲ್ಲರ ಕಣ್ಣೂ ಹೋಯಿತು.

ಬೇಯಿಸಿ ತಿಂದರು. ಹೆಂಗಸು ಅಳಲಿಲ್ಲವಂತೆ, ಕುದಿಯುವ ಮಡಕೆಯನ್ನೇ ನೋಡುತ್ತ ನಿಂತಿದ್ದಳಂತೆ.

"ಮಳೆ ಶುರುವಾದಾಗ ಎಲ್ಲರೂ ಖುಷಿಪಟ್ಟರು. ಅವಳು ಈಗ ಏನು ಬಿತ್ತುತ್ತಾಳೆ ಅಂತ ನನಗೆ ಯೋಚನೆ" ಎಂದ. ಆಮೇಲೆ ಮಾಂಸವನ್ನು ಮಗುಚಿ ಹಾಕಿದ.

ಮುಂದೆ ಕೆಲಸದ ಮೇಲೆ ನಾನು ಬ್ರಿಸ್ಬೇನ್‌ಗೆ ಹೋದೆ. ಅವನು ತನ್ನವರು ಹೆಚ್ಚಿದ್ದ ಅಡಿಲೇಡ್‌ಗೆ ಹೋದ. ಬ್ರಿಸ್ಬೇನ್‌ನ ಕನ್ನಡದವರ ಮನೆಗಳಲ್ಲಿ ಊಟದ ನಂತರ ಈ ಕಥೆಯನ್ನು ನಾನು ಹಲವು ಸಲ ಹೇಳಿದೆ. ಚೆನ್ನಾಗಿ ಹೇಳುತ್ತೇನೆಂದು ಹೆಸರೂ ಬಂತು. ಹಾಗೊಮ್ಮೆ ಹೇಳಿದ ಮರುದಿನ ಅಮ್ಮನಿಗೆ ಫೋನ್ ಮಾಡಿ ಅಜ್ಜಿಯ ತೆನೆಗಳ ಬಗ್ಗೆ ಕೇಳಿದೆ.

"ಜೋಳಾನಾ? ಒಲೆ ಮೇಲೆ ಇರ್ತಿದ್ದಿದ್ದು ಕೊಬ್ಬರಿ ಕಣೋ. ಬೀಜ ಎಲ್ಲಾ ಬೂದಿ ಕಲಸಿ ಗಡಿಗೇಲಿ ಇಡ್ತಿದ್ರು. ನಿನಗ್ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಇಲ್ಲದ ತೆನೆಯೊಂದನ್ನು ತೂಗುಹಾಕಿ ನಾನು ಅವನ ಬಾಯಿ ಬಿಡಿಸಿದ್ದೆ. ನಿಮ್ಮಲ್ಲೂ ಹಾಗೇನಾ ಎಂದು ಕೇಳಿದವನ ಮುಖ ಮತ್ತೆ ಮತ್ತೆ ನೆನಪಾಗುತ್ತಿತ್ತು.

ಅಷ್ಟರಲ್ಲಿ ಅವನ ಫೋನ್ ಬಂತು. ಆ ಗುಡಿಸಲಿನ ಹೆಂಗಸು ಅಡಿಲೇಡ್‌ನಲ್ಲಿದ್ದಾಳೆ, ಚರ್ಚಿನಲ್ಲಿ ಆಕೆಯ ಊರಿನ ಹೆಸರು ಕೇಳಿ ಗೊತ್ತಾಯಿತು ಎಂದ. ಅವಳಿಗೆ ಬೀಜದ ತೆನೆ ಕೊಡಬೇಕು. ಆದರೆ ಅವನ ಮನೆತನದ ರೂಢಿಯಲ್ಲಿ ತಪ್ಪು ಮಾಡಿದವನು ತಾನೇ ಮೊದಲು ಬಾಯಿ ತೆರೆಯುವಂತಿಲ್ಲ. ಎರಡೂ ಕಡೆಗೆ ನೆಂಟನಲ್ಲದ ಒಬ್ಬ ನಡುವೆ ಕೂತು ನಡೆದದ್ದನ್ನು ಹೇಳಬೇಕು.

"ನಾನು ಪೂರ್ತಿ ಹೇಳಿರೋದು ನಿನಗೊಬ್ಬನಿಗೇ, ಬ್ರದರ್."

ಹೆಂಡತಿಗೆ ಹೇಳಿದೆ. "ಅಲ್ಲ ರೀ, ಶಾಪಿಂಗ್ ಸೆಂಟರ್‌ನಲ್ಲಿ ಕಾರ್ ಎಲ್ಲಿ ನಿಲ್ಲಿಸಿದ್ದು ಅನ್ನೋದೇ ನಿಮಗೆ ನೆನಪಿರಲ್ಲ. ಇನ್ನೊಬ್ಬರ ಯುದ್ಧಕ್ಕೆ ಸಾಕ್ಷಿ ಹೇಳೋಕೆ ಹೋಗ್ತೀರಾ?" ಎಂದಳು. ಆಮೇಲೆ ಅವಳೇ, "ಹೋಗಿ ಬನ್ನಿ. ಪಾಪ, ಕರೆದಿದ್ದಾರೆ" ಎಂದಳು. ಒಬ್ಬನೇ ಸಾಕ್ಷಿಯನ್ನು ನಂಬಬೇಡ ಎಂದು ಓದಿ ಪದವಿ ಪಡೆದವನು ನಾನು. ಈಗ ಆ ಒಬ್ಬ ಸಾಕ್ಷಿ ನಾನೇ ಆಗಿದ್ದೆ.

ಅಡಿಲೇಡ್‌ನ ಹೊರವಲಯದಲ್ಲಿ ಆಕೆಯ ಚಿಕ್ಕ ಮನೆ. ಅಡುಗೆಮನೆಯ ಮೇಜಿನ ಒಂದು ಕಡೆ ಆಕೆ, ಇನ್ನೊಂದು ಕಡೆ ಅವನು, ನಡುವೆ ನಾನು. ಅವನು ತನ್ನ ಹಿತ್ತಿಲಲ್ಲಿ ಬೆಳೆದ ತೆನೆಗಳ ಕಟ್ಟು ಮೇಜಿನ ಮೇಲಿತ್ತು. ನಾನು ಆಕೆಗೂ ಬರುವ ಇಂಗ್ಲಿಷಿನಲ್ಲಿ ಹೇಳತೊಡಗಿದೆ. ಸುಟ್ಟ ಹೊಲ, ಹಸಿದ ತುಕಡಿ, ಖಾಲಿ ಕಣಜ. ಎಷ್ಟೋ ಸಲ ಹೇಳಿ ನುಣುಪಾದ ಕಥೆ, ಸರಾಗವಾಗಿ ಬಂತು. "ಇವನು ತಲೆ ಎತ್ತಿ ನೋಡಿದ" ಎಂದೆ.

"ಇಲ್ಲ" ಎಂದ ಅವನು. ಮಾತಾಡುವಂತಿಲ್ಲದ ಹೊತ್ತಿನಲ್ಲಿ ಮಾತಾಡಿದ. "ನೋಡಿದ್ದಲ್ಲ. ಬಂದೂಕಿನ ತುದಿಯಿಂದ ತೋರಿಸಿದೆ. ಅಗೋ ಅಲ್ಲಿದೆ ಅಂದೆ. ನಿನಗೂ ಹಾಗೇ ಹೇಳಿದ್ದೆ."

ಹೇಳಿದ್ದನೇ? ಕೆಂಡ ನೆನಪಿದೆ, ಮಾಂಸದ ವಾಸನೆ ನೆನಪಿದೆ. ಬಂದೂಕಿನ ತುದಿ ನೆನಪಿಲ್ಲ. ಬಹುಶಃ ಊಟದ ಮನೆಗಳಲ್ಲಿ ಹೇಳಿ ಹೇಳಿ ನಾನೇ ಅವನ ಕೈಯನ್ನು ಇಳಿಸಿದ್ದೆ, ಕೇಳುವವರಿಗೆ ಅವನು ಒಳ್ಳೆಯವನಾಗಿ ಕಾಣಲೆಂದು. ಅವನಿಗೆ ಬೇಕಿದ್ದದ್ದು ಅದಾಗಿರಲಿಲ್ಲ.

ಆಕೆ ಅವನತ್ತ ತಿರುಗಿದಳು.

"ನಮ್ಮ ಮನೆಗೆ ಮೂರು ಸಲ ಬಂದ್ರು. ಎರಡು ಸಲ ಆ ಕಡೆಯವರು, ಒಂದು ಸಲ ಈ ಕಡೆಯವರು. ಮೂರು ಸಲಾನೂ ಬೀಜ ತಿಂದ್ರು. ನೀನು ಯಾವ ಸಲದವನು?"

"ಗೊತ್ತಿಲ್ಲಮ್ಮ" ಎಂದ ಅವನು.

"ನನಗೂ ಗೊತ್ತಿಲ್ಲ. ಮುಖ ಯಾರು ನೋಡಿದ್ರು? ಮಡಕೆ ನೋಡ್ತಿದ್ದೆ."

ಮಡಕೆ ಎಂದದ್ದೇ ಅವನ ಭುಜ ಕುಸಿಯಿತು. ಆಕೆ ಒಂದು ತೆನೆ ತೆಗೆದು ಅಂಗೈಯಲ್ಲಿ ಉಜ್ಜಿ, ಕಾಳು ನೋಡಿ, "ಇದು ಕೆಂಪು. ನಮ್ಮದು ಬಿಳಿ" ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ಎದ್ದುಹೋಗು ಎಂದೂ ಹೇಳಲಿಲ್ಲ. ಡಬ್ಬಿಯಿಂದ ತನ್ನದೇ ಹಿಟ್ಟು ತೆಗೆದು, ಗ್ಯಾಸ್ ಹಚ್ಚಿ, ನೀರು ಕುದಿಸಿ, ಮುದ್ದೆಯಂಥದ್ದನ್ನು ತೊಳಸಿ ಅವನ ಮುಂದೆ ಮೊದಲು ಇಟ್ಟಳು.

"ಉಣ್ಣು. ಈ ಸಲ ನಾನೇ ಇಡ್ತಿದ್ದೀನಿ."

ಅವನು ಪೂರ್ತಿ ಉಂಡ. ಒಮ್ಮೆಯೂ ತಲೆ ಎತ್ತಲಿಲ್ಲ. ತಟ್ಟೆಯಲ್ಲಿ ಬಿಡಲು ನನಗೂ ಧೈರ್ಯವಾಗಲಿಲ್ಲ.

ನಾವು ಹೊರಡುವಾಗ ತೆನೆಯ ಕಟ್ಟು ಇಟ್ಟಲ್ಲೇ ಬಿದ್ದಿತ್ತೆಂದು ನನ್ನ ನೆನಪು. ಅವನು ನನ್ನನ್ನು ಏರ್‌ಪೋರ್ಟಿಗೆ ಬಿಡುವಾಗ ಹಾಗೆಂದೆ. ಅವನು ಒಪ್ಪಲಿಲ್ಲ. "ಇಲ್ಲ ಬ್ರದರ್. ತಟ್ಟೆ ಇಡೋ ಮೊದಲು ಆಕೆ ಅದನ್ನ ಎತ್ತಿ, ನೀರು ತಾಗದ ಹಾಗೆ ಕಿಟಕಿ ಮೇಲಿಟ್ಟಳು. ನೀನು ನೋಡಲಿಲ್ವಾ?"

ನೋಡಲಿಲ್ಲ ಎಂದೆ.