ಬೆನ್ನಿಗೆ ಮೂರು ಜೇಬು

ನಮ್ಮ ಹಿತ್ತಲಿನ ತಂತಿಯ ಮೇಲೆ ಈ ಹೊತ್ತು ಒಂದು ಹಳದಿ ಅಂಗಿ ಒಣಗುತ್ತಿದೆ. ಅದಕ್ಕೆ ಎದೆಯ ಮೇಲೆ ಜೇಬಿಲ್ಲ. ಬೆನ್ನಿನ ಕೆಳಗೆ, ಸೊಂಟದ ಹತ್ತಿರ, ಸಾಲಾಗಿ ಮೂರು ಜೇಬುಗಳಿವೆ. ಹೊಲಿದವನು ಅಂಗಿಯನ್ನು ಹಿಂದುಮುಂದಾಗಿ ಹಿಡಿದಿದ್ದನೇನೋ ಎಂದು ನನ್ನ ಮಡದಿ ಮೊದಲ ದಿನವೇ ಅನುಮಾನಪಟ್ಟಿದ್ದಳು. ಆ ಜೇಬುಗಳ ಮೇಲೆ ಈಗ ಒಂದು ನೇರಳೆ ಕಲೆ ಹರಡಿಕೊಂಡಿದೆ. ಸೋಪು, ನಿಂಬೆಹುಳಿ, ಅಡುಗೆ ಸೋಡಾ, ಕೊನೆಗೆ ಒಂದಿಷ್ಟು ಬೈಗುಳ, ಇಷ್ಟನ್ನೂ ಹಾಕಿ ಉಜ್ಜಿದರೂ ಅದು ಜಗ್ಗಿಲ್ಲ. ನೆಲ ಒರೆಸಲು ಇಟ್ಟುಕೊಳ್ಳುತ್ತೇನೆ ಎಂದು ಆಕೆ, ಕೂಡದು ಎಂದು ನಾನು. ಈ ವ್ಯಾಜ್ಯದಲ್ಲಿ ನಿಮ್ಮನ್ನು ನನ್ನ ಪಕ್ಷಕ್ಕೆ ಸೆಳೆದುಕೊಳ್ಳುವ ದುರಾಸೆಯಿಂದ, ಮಿತ್ರರೇ, ಆ ಕಲೆಯ ಪೂರ್ವಚರಿತ್ರೆಯನ್ನು ಹೇಳುತ್ತೇನೆ.

ನಾನು ಕೊಳ್ಳೇಗಾಲದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವವನು. ಗುರುತ್ವಾಕರ್ಷಣೆಯನ್ನು ಕಪ್ಪು ಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸುತ್ತ ಅರ್ಧ ಆಯುಷ್ಯ ಕಳೆದವನಿಗೆ, ಐವತ್ತರ ಹೊಸ್ತಿಲಲ್ಲಿ ಅದರೊಡನೆ ಖುದ್ದು ಪರಿಚಯ ಬೆಳೆಸುವ ಹುಮ್ಮಸ್ಸು ಬಂತು. ಸೈಕಲ್ಲು ತಂದೆ, ಅದರ ಸವಾರರು ತೊಡುವ ಆ ಹಳದಿ ಅಂಗಿಯನ್ನೂ ತಂದೆ. ಎಂಥ ಸೈಕಲ್ಲು ಅನ್ನುತ್ತೀರಿ! ಅದಕ್ಕೆ ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಮಡ್ಗಾರ್ಡ್ ಇಲ್ಲ, ಬೆಲ್ಲೂ ಇಲ್ಲ. ಇಲ್ಲದಿರುವುದು ಹೆಚ್ಚಿದಷ್ಟೂ ಅದರ ಘನತೆ ಹೆಚ್ಚುತ್ತದಂತೆ. ನಮ್ಮ ಸೀಮೆಯಲ್ಲಿ ಸೈಕಲ್ಲೆಂದರೆ ಮೊದಲು ಕ್ಯಾರಿಯರ್, ಆಮೇಲೆ ಚಕ್ರ. ಹಾಗಾಗಿ ನಾನು ಭಾನುವಾರ ಬೆಳಗ್ಗೆ ಟೀ ಅಂಗಡಿಯ ಮುಂದೆ ನಿಂತರೆ ಜನ ಸೈಕಲ್ಲನ್ನು ಸುತ್ತುವರಿದು ಮರುಕಪಡುತ್ತಿದ್ದರು. ಕ್ಯಾರಿಯರನ್ನು ಯಾರು ಕಿತ್ತುಕೊಂಡರೆಂದು ಒಬ್ಬರು ವಿಚಾರಿಸಿದರೆ, ಪೊಲೀಸರಿಗೆ ಹೇಳಿದಿರಾ ಎಂದು ಇನ್ನೊಬ್ಬರು ಕೇಳುತ್ತಿದ್ದರು.

ಸೈಕಲ್ಲಿನ ಜೊತೆಗೆ ಒಂದು ಬಳಗವೂ ಫೋನಿನೊಳಗೆ ಸೇರಿಕೊಂಡಿತು. ಅಲ್ಲಿನ ಮಹನೀಯರು ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿತೋಟಗಳ ನಡುವೆ ಸವಾರಿ ಮಾಡಿ, ಗೊಂಚಲುಗಳ ಪಕ್ಕದಲ್ಲಿ ಸೈಕಲ್ಲನ್ನು ಮದುಮಗಳಂತೆ ನಿಲ್ಲಿಸಿ ಚಿತ್ರ ಕಳಿಸುತ್ತಿದ್ದರು. ನಮ್ಮಲ್ಲಿ ಯಳಂದೂರಿನ ಕಡೆ ಹೋದರೆ ಅಗರದ ಆಚೀಚೆ ಬತ್ತ, ಕಬ್ಬು. ಈಚೆ ಬಂದರೆ ರೇಷ್ಮೆಹುಳು ಮೇಯುವ ಹಿಪ್ಪುನೇರಳೆ. ಸೋಲಲೊಪ್ಪದೆ ನಾನೊಂದು ಹಿಪ್ಪುನೇರಳೆ ಹೊಲವನ್ನೇ ತುಸು ಮಸುಕಾಗಿ ಕ್ಲಿಕ್ಕಿಸಿ ನಮ್ಮೂರ ದ್ರಾಕ್ಷಿವನವೆಂದು ಕಳಿಸಿದೆ. ಹಣ್ಣೆಲ್ಲಿ ಎಂದು ಯಾರೋ ಕೇಳಿದರು. ಹುಳು ಬಿಡಬೇಕಲ್ಲ ಎಂದು ಉತ್ತರಿಸಿದೆ.

ಇಂಥ ಹೊತ್ತಿನಲ್ಲಿ ಲೊಕ್ಕನಹಳ್ಳಿ ದಾರಿಯ ಮಗ್ಗುಲಲ್ಲಿ ಮಾದಪ್ಪನೆಂಬ ರೈತನ ತೋಟ ಕಣ್ಣಿಗೆ ಬಿದ್ದಾಗ ನನಗಾದ ಹಿಗ್ಗನ್ನು ನೀವೇ ಊಹಿಸಿಕೊಳ್ಳಿ. ಕಲ್ಲುಕಂಬದ ಮೇಲೆ ತಂತಿ ಎಳೆದು ಹಬ್ಬಿಸಿದ ಒಂದೇ ಒಂದು ಚಪ್ಪರ, ಅದರ ತುಂಬ ಬೀಜವಿರುವ, ಹುಳಿಸಿಹಿಯ ಕಪ್ಪು ದ್ರಾಕ್ಷಿ. ಪ್ರತಿ ಭಾನುವಾರ ಅಲ್ಲಿ ಇಳಿದು, ಮಾದಪ್ಪನ ಹೆಂಡತಿ ಪುಟ್ಟತಾಯಮ್ಮ ಕೊಟ್ಟ ನೀರು ಕುಡಿದು, ಒಡೆಯರಪಾಳ್ಯದ ಕಡೆ ಬೆಟ್ಟದ ದಾರಿ ಹಿಡಿಯುವುದು ವಾಡಿಕೆಯಾಯಿತು. ಆ ದಾರಿಯಲ್ಲಿ ಒಂದು ಏರು ಇದೆ, ಏರಿನ ನಡುವೆ ಒಂದು ಹುಣಸೆಮರ. ಪ್ರತಿ ಸಲವೂ ಆ ಮರದ ಬುಡಕ್ಕೆ ಬರುವ ಹೊತ್ತಿಗೆ ಉಸಿರು ಕಟ್ಟಿ ನನ್ನ ಕಾಲು ನೆಲಕ್ಕೆ ತಾಗುತ್ತಿತ್ತು. ಒಂದೇ ಒಂದು ಸಲ ಕಾಲೂರದೆ ಈ ಏರನ್ನು ಏರಿಬಿಟ್ಟರೆ ಜನ್ಮ ಸಾರ್ಥಕವೆಂದು ನಾನು ನಿರ್ಧರಿಸಿಬಿಟ್ಟಿದ್ದೆ. ನಗಬೇಡಿ, ಒಬ್ಬೊಬ್ಬರ ಮೋಕ್ಷ ಒಂದೊಂದು ಕಡೆ ಇರುತ್ತದೆ.

ಶಿವರಾತ್ರಿ ಕಳೆದ ಮೇಲಿನ ಒಂದು ಭಾನುವಾರ ಮಾದಪ್ಪ ರಸ್ತೆಯಲ್ಲೇ ನನ್ನನ್ನು ಕಾಯುತ್ತಿದ್ದ. ಏರು ಮುಗಿದಲ್ಲಿರುವ ಹಳ್ಳಿಗೆ ಕೊಟ್ಟಿದ್ದ ಅವನ ಮಗಳು ಸವಿತ ಚೊಚ್ಚಲ ಬಸುರಿ. ಬಸ್ಸಿನಲ್ಲಿ ಕುಲುಕಾಡಿಕೊಂಡು ತಿರುಗಬಾರದೆಂದು ಡಾಕ್ಟರು ಹೇಳಿದ್ದರಿಂದ ತವರಿಗೆ ಬರುವಂತಿಲ್ಲ. ಹಿಂದಿನ ಸಂಜೆ ಫೋನು ಮಾಡಿ, ತನಗೆ ಅಪ್ಪನ ಚಪ್ಪರದ ದ್ರಾಕ್ಷಿಯೇ ಬೇಕು, ಅಂಗಡಿಯದು ನೋಡಿದರೆ ವಾಕರಿಕೆ ಎಂದಿದ್ದಳು. ಮಾದಪ್ಪ ತಾನೇ ಹೋಗೋಣವೆಂದರೆ ಮೋಟರಿಗೆ ಕರೆಂಟು ಬರುವುದು ಆ ಬೆಳಗ್ಗೆಯೇ. ನೀರು ತಿರುವಲು ಬೇರೆ ಆಳಿಲ್ಲ.

“ನೀವೆಂಗೂ ಆ ಕಡೀಕೇ ಓಯ್ತಾ ಇದ್ದೀರಿ ಸಾ,” ಎಂದ. “ಬಸುರಿ ಬಯಕೆ ತಡೀಬಾರ್ದು, ಉಟ್ಟೋ ಕೂಸ್ಗೆ ಕಿವಿ ಸೋರ್ತದೆ.”

ಕ್ಯಾರಿಯರ್ ಇಲ್ಲವಲ್ಲ ಎಂದು ನಾನು ಕೈಯಾಡಿಸಿದೆ. ಪುಟ್ಟತಾಯಮ್ಮ ನನ್ನ ಸುತ್ತ ಒಂದು ಪ್ರದಕ್ಷಿಣೆ ಬಂದು, ಹಿಂದೆ ನಿಂತರು.

“ಬೆನ್ನಿಗೇ ಮೂರು ಜೇಬು ಒಲಿಸ್ಕಂಡವ್ರಲ್ಲ, ಇನ್ನೇನ್ ಬೇಕು?”

ಆ ಊರಿನಲ್ಲಿ ನನ್ನ ಉಡುಪನ್ನು ಕಂಡು ಮೊದಲ ಬಾರಿಗೆ ಒಬ್ಬರು ಮೆಚ್ಚಿಕೊಂಡಿದ್ದರು. ಮೆಚ್ಚುಗೆಯ ಅಮಲಿನಲ್ಲಿ ನಾನು ನಿಂತಿರುವಾಗಲೇ ಗೊಂಚಲುಗಳು ಬಾಳೆಲೆಯಲ್ಲಿ ಸುತ್ತಿಕೊಂಡು ಒಂದೊಂದಾಗಿ ಜೇಬಿಗಿಳಿದವು. ಸೈಕಲ್ಲಿನ ತೂಕ ಗುಂಜಿಯಷ್ಟಾದರೂ ಇಳಿಯಲೆಂದು ಅಂಗಡಿಯವನ ಜೊತೆ ಚರ್ಚೆ ಮಾಡಿದ್ದ ಮನುಷ್ಯ, ಹಿಂದೆ ಒಂದು ಸಂತೆಯನ್ನೇ ಕಟ್ಟಿಕೊಂಡು ಹೊರಟ.

ಕಿವಿ ಸೋರುವ ವಿಚಾರವನ್ನು ನಾನು ನಂಬುವವನಲ್ಲ. ಲೊಕ್ಕನಹಳ್ಳಿ ದಾಟುವವರೆಗೂ ನಂಬಿರಲಿಲ್ಲ. ಆಮೇಲೆ ರಸ್ತೆಯ ಗುಂಡಿಯೊಂದಕ್ಕೆ ಚಕ್ರ ಇಳಿದು ಬೆನ್ನಿನಲ್ಲಿ ಏನೋ ಮೆತ್ತಗೆ ಪಿಚಕ್ಕೆಂದಾಗ, ಇನ್ನೂ ಹುಟ್ಟದ ಕೂಸೊಂದರ ಎರಡು ಕಿವಿಗಳು ನನ್ನ ಕಣ್ಣ ಮುಂದೆ ಬಂದು ನಿಂತವು. ವಿಜ್ಞಾನ ಹೇಳುವವನ ಬೆನ್ನ ಮೇಲೆ ಹೀಗೆ ಬೇರೆಯವರ ಕಿವಿ ಹೇರಬಾರದು, ಅವನ ತರ್ಕವೆಲ್ಲ ಅಲ್ಲಾಡಿಹೋಗುತ್ತದೆ. ಅಲ್ಲಿಂದ ಮುಂದೆ ಪ್ರತಿ ಗುಂಡಿಯನ್ನೂ ಬಳಸಿಕೊಂಡು, ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಹಾವಿನಂತೆ ಹೊರಳುತ್ತ ಹೋದೆ. ಎದುರಿಗೆ ಬಂದ ಬೈಕಿನವನು ಈ ಮನುಷ್ಯ ಬೆಳಬೆಳಗ್ಗೆಯೇ ಕುಡಿದಿದ್ದಾನೆಂದು ತೀರ್ಮಾನಿಸಿ ದೂರ ಸರಿದ.

ಏರು ಶುರುವಾಯಿತು. ಗೂಡ್ಸ್ ಆಟೋದವನೊಬ್ಬ ನಿಧಾನಿಸಿ ಸೈಕಲ್ಲನ್ನು ಹಿಂದಕ್ಕೆ ಹಾಕಿರೆಂದ. ವ್ರತದಲ್ಲಿದ್ದೇನೆ ಎಂಬ ಗಾಂಭೀರ್ಯದಿಂದ ತಲೆಯಲ್ಲಾಡಿಸಿ ಕಳಿಸಿದೆ. ಆಶ್ಚರ್ಯವೆಂದರೆ ಆ ದಿನ ಹುಣಸೆಮರ ಬಂತು, ಹೋಯಿತು, ಕಾಲು ನೆಲಕ್ಕೆ ತಾಗಲಿಲ್ಲ. ಕಿವಿಗಳ ಚಿಂತೆಯಲ್ಲಿ ಉಸಿರು ಕಟ್ಟುವುದನ್ನೇ ಮರೆತಿದ್ದೆನೋ ಏನೋ. ಏರಿನ ನೆತ್ತಿ ಕಾಣುತ್ತಿತ್ತು. ಅದರಾಚೆ, ಒಡೆಯರಪಾಳ್ಯದ ಬಳಿ ನೆಲೆಸಿರುವ ಟಿಬೆಟಿನವರ ಬಣ್ಣದ ಬಾವುಟಗಳು ನನ್ನನ್ನು ಸ್ವಾಗತಿಸಲೆಂದೇ ಕಟ್ಟಿದಂತೆ ಹಾರುತ್ತಿದ್ದವು. ಇನ್ನೇನು ನಾಲ್ಕು ತುಳಿತ ಅನ್ನುವಾಗ ಸೊಂಟದಿಂದ ತಣ್ಣನೆಯ ಧಾರೆಯೊಂದು ಕೆಳಗಿಳಿಯಿತು. ಮಗುವಿನ ಕಿವಿ ಸೋರದಿರಲೆಂದು ಹೊರಟವನ ಬೆನ್ನೇ ಸೋರತೊಡಗಿತ್ತು.

ವಿಷಯ ಸರಳ. ಬಗ್ಗಿ ಒದ್ದಾಡಿ ತುಳಿದಷ್ಟೂ ಬಿಗಿಯಾದ ಅಂಗಿ ಹಣ್ಣನ್ನು ಹಿಂಡುತ್ತದೆ. ಇಳಿದು ನೆಟ್ಟಗೆ ನಡೆದರೆ ಉಳಿದದ್ದು ಉಳಿಯುತ್ತದೆ. ನನ್ನ ಮೋಕ್ಷ ಅಲ್ಲೇ, ಉಗುಳಿದರೆ ಬೀಳುವಷ್ಟು ದೂರದಲ್ಲಿತ್ತು. ಒಂದು ಕ್ಷಣ ಕೂಸಿನ ಮೇಲೆ ನಿಜಕ್ಕೂ ಸಿಟ್ಟು ಬಂತು. ಆಮೇಲೆ ಕಾಲೂರಿದೆ. ಪೆಡಲಿಗೆ ಕಚ್ಚಿಕೊಳ್ಳುವ ಆ ಶೂ ನಡೆಯಲು ಮಾಡಿದ್ದಲ್ಲ. ಲಾಳ ಕಟ್ಟಿಸಿಕೊಂಡ ಎತ್ತಿನಂತೆ ಟಕಟಕ ಸದ್ದು ಮಾಡುತ್ತ, ಎದೆಯುಬ್ಬಿಸಿ, ನೆತ್ತಿಯನ್ನು ನಡೆದೇ ದಾಟಿದೆ. ಅಲ್ಲಿ ಜಪಮಣಿ ಎಣಿಸುತ್ತ ಕೂತಿದ್ದ ಟಿಬೆಟಿನ ಅಜ್ಜನೊಬ್ಬ ನನ್ನ ಬೆನ್ನು ನೋಡಿ ಎದ್ದು ನಿಂತು, ಆಸ್ಪತ್ರೆ ಇರುವ ದಿಕ್ಕಿಗೆ ಕೈ ತೋರಿಸಿದ.

ಸವಿತಳ ಮನೆ ಮುಂದೆ ನಿಂತಾಗ ಜಗಲಿಯಲ್ಲಿ ಅವಳೂ ಅವಳತ್ತೆಯೂ ಕೂತಿದ್ದರು. ಹೆಲ್ಮೆಟ್ಟು, ಬಿಗಿಚಡ್ಡಿ, ನೇರಳೆ ಕಾಲು, ಇಂಥ ಅತಿಥಿಯನ್ನು ಅವರು ಹಿಂದೆ ಕಂಡಿರಲಾರರು. ಮಾದಪ್ಪ ಕಳಿಸಿದ್ದಾನೆ ಎಂದು ಹೇಳಿ, ಹೆಂಗಸರಿಗೆ ಬೆನ್ನು ತಿರುಗಿಸಿ ನಿಂತೆ. ಜೇಬಿಗೆ ಕೈ ಹಾಕಹೋದರೆ ಏರಿನಲ್ಲಿ ಸೆಟೆದುಕೊಂಡ ಭುಜ ಒಪ್ಪಲಿಲ್ಲ. ಕೈ ಗಾಳಿಯಲ್ಲಿ ತಡಕಾಡಿತು.

“ಅಂಗೇ ಬಗ್ಗಿ ಸಾ, ನಾವೇ ಬುಡಿಸ್ಕತೀವಿ,” ಎಂದರು ಅತ್ತೆ.

ಹ್ಯಾಂಡಲ್ ಹಿಡಿದು ಬಗ್ಗಿದೆ. ಎಲೆ ಸಮೇತ ಎಳೆದರೆ ಉಳಿದ ಹಣ್ಣೂ ಒಡೆಯುತ್ತದೆಂದು ಇಬ್ಬರೂ ಎಲೆಯ ಮಡಿಕೆ ಬಿಡಿಸಿ, ಇಡಿಯಾಗಿ ಉಳಿದ ಒಂದೊಂದೇ ಹಣ್ಣನ್ನು ತೊಟ್ಟಿನಿಂದ ಬಿಡಿಸತೊಡಗಿದರು. ತೊಳೆದುಕೊಂಡು ತಿನ್ನಮ್ಮ ಎಂದೆ, ಕೇಳುವ ತಾಳ್ಮೆ ಯಾರಿಗಿತ್ತು? ನಾನು ಮುಂಚಕ್ರವನ್ನು ನೋಡುತ್ತ ನಿಂತಿದ್ದೆ. ಹಿಂದಿನಿಂದ ಚಪ್ಪರಿಸುವ ಸದ್ದು, ಬೀಜ ಉಗುಳುವ ಸದ್ದು ಬರುತ್ತಿತ್ತು. ಆಗ ಸವಿತ ತುಂಬಿದ ಬಾಯಲ್ಲೇ ಹೇಳಿದಳು:

“ಅಪ್ಪನ್ ಚಪ್ಪರದಲ್ಲೇ ಕಿತ್ಕಂಡಂಗದೆ ಕಣತ್ತೆ. ತವರ್ಗೇ ಓಗ್ ಬಂದಂಗಾಯ್ತು.”

ಮುಚ್ಚುಮರೆಯೇಕೆ, ನನಗೆ ತುಂಬ ಸಂತೋಷವಾಯಿತು. ದ್ರಾಕ್ಷಿತೋಟದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಹಂಬಲದಿಂದ ಹೊರಟವನು ನಾನು. ಕೊನೆಗೆ ತೋಟವೇ ಆಗಿ ಬಗ್ಗಿ ನಿಂತಿದ್ದೆ, ಫೋಟೋ ತೆಗೆಯಲು ಯಾರೂ ಇರಲಿಲ್ಲ. ಎದೆಯ ಮೇಲಿನ ಜೇಬು ನಮ್ಮದು, ಕೈ ಹಾಕಿದರೆ ಸಿಗುತ್ತದೆ, ಅದರಲ್ಲಿ ನಮ್ಮ ಪೆನ್ನು ಇರುತ್ತದೆ. ಬೆನ್ನಿನ ಜೇಬು ನಮ್ಮ ಕೈಗೆಟುಕುವುದಿಲ್ಲ. ಅದನ್ನು ತುಂಬುವವರು ಒಬ್ಬರು, ಬರಿದು ಮಾಡುವವರು ಇನ್ನೊಬ್ಬರು, ನಾವು ನಡುವೆ ಸೈಕಲ್ಲು ತುಳಿಯುತ್ತಿರಬೇಕು. ಹೊಲಿದವನಿಗೆ ತಲೆ ಕೆಟ್ಟಿರಲಿಲ್ಲವೆಂದು ನನಗೀಗ ಅನ್ನಿಸುತ್ತದೆ.

ಇದನ್ನು ಬರೆಯುತ್ತಿರುವಾಗಲೇ ಮಾದಪ್ಪನ ಫೋನು ಬಂತು. ಸವಿತಳಿಗೆ ಹೆರಿಗೆಯಾಗಿದೆ, ಹೆಣ್ಣು ಕೂಸು.

“ಕಿವಿ ಎಳ್ಡೂ ನೋಡ್ದೆ ಸಾ. ಸುದ್ದ ಒಣುಗವೆ.”

ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ಮಡದಿ ಹಿತ್ತಲಿಗೆ ಹೋಗಿ, ತಂತಿಯಿಂದ ಅಂಗಿಯನ್ನು ತೆಗೆದು ತಂದಳು. ನೆಲ ಒರೆಸಲಿಕ್ಕಲ್ಲ. ಪೆಟ್ಟಿಗೆಯಿಂದ ತಾನೇ ಎಂದೋ ಹೆಣೆದ ಒಂದು ಉಣ್ಣೆಯ ಕುಲಾವಿಯನ್ನು ತೆಗೆದು, ಕಿವಿ ಮುಚ್ಚುವ ಅದರ ಎರಡು ರೆಕ್ಕೆಗಳನ್ನು ಒಳಕ್ಕೆ ಮಡಿಸಿ, ಕಲೆಯಾದ ನಡುಜೇಬಿನೊಳಗೆ ಇಳಿಸಿದಳು. ಬರುವ ಭಾನುವಾರ ಕೂಸಿಗೆ ಕೊಟ್ಟು ಬನ್ನಿ ಎಂದಳು. ಕುಲಾವಿ ಎಷ್ಟು ಹಿಂಡಿದರೂ ಸೋರುವಂಥದ್ದಲ್ಲ. ಹುಣಸೆಮರದ ಏರಿನಲ್ಲಿ ಕಾಲೂರಲು ಇನ್ನು ನನಗೆ ಯಾವ ನೆಪವೂ ಇಲ್ಲ.