ಇಲ್ಲದ ಫೋಟೊ

ತಮಗೆ ಏನೋ ಕಂಡಿತು ಎಂದು ಹೇಳುವವರನ್ನು ನಾನು ಎಂದೂ ನಂಬಿದವಳಲ್ಲ. ಕಾರವಾರದ ಹಬ್ಬುವಾಡದಲ್ಲಿರುವ ನಮ್ಮ ಮನೆಗೆ ಬರುವ ನೆಂಟರಲ್ಲಿ ಯಾರಾದರೂ ಇಂಥ ಮಾತು ಶುರು ಮಾಡಿದರೆ, ಆಗ ಎಷ್ಟು ಗಂಟೆ, ಬೆಳಕು ಎಷ್ಟಿತ್ತು, ಜೊತೆಗೆ ಯಾರಿದ್ದರು ಎಂದು ಕೇಳಿ ಅವರ ಉತ್ಸಾಹವನ್ನೇ ಕೊಂದುಬಿಡುತ್ತಿದ್ದೆ. ನಿನ್ನದು ಪೊಲೀಸರ ಬುದ್ಧಿ ಎಂದು ಅಮ್ಮ ಬೈಯುತ್ತಿದ್ದಳು. ಈಗ ನನ್ನದೇ ಒಂದು ಸಂಗತಿ ಬರೆಯಲು ಕೂತಿದ್ದೇನೆ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿದ್ದ ವರ್ಷಗಳವು. ನಾನು ಕಾರವಾರದಲ್ಲಿ ಎಂ.ಎ. ಓದುತ್ತಿದ್ದೆ. ಕಲೆಯ ಇತಿಹಾಸ ಮತ್ತು ಪ್ರವಾಸೋದ್ಯಮ ಎಂಬ ವಿಷಯಕ್ಕೆ ಒಂದು ಪ್ರಬಂಧ ಬರೆಯಬೇಕಿತ್ತು. ಇಲ್ಲಿಗೆ ಬರುವ ಪ್ರವಾಸಿಗರು ಸಮುದ್ರ ನೋಡಿ, ಮೀನೂಟ ಮಾಡಿ ಹೊರಟುಬಿಡುತ್ತಾರೆ; ನಮ್ಮ ಗುಡಿಗಳ ಕಾವಿ ಚಿತ್ರಗಳನ್ನು ತೋರಿಸಿ ಅವರನ್ನು ಇನ್ನೊಂದು ದಿನ ನಿಲ್ಲಿಸಬಹುದೇ ಎಂಬುದು ನನ್ನ ಪ್ರಶ್ನೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಅದು ಹಸಿಯಾಗಿರುವಾಗಲೇ ಮೊನಚಾದ ಉಕ್ಕಿನ ಕಡ್ಡಿಯಿಂದ ಗೀರಿ, ಅಡಿಯ ಬಿಳುಪನ್ನು ಹೊರಗೆ ತರುವ ಕಲೆ ಅದು. ಕಾರವಾರ, ಅಂಕೋಲಾ ಕಡೆ ಅಲ್ಲಲ್ಲಿ ಉಳಿದಿದೆ. ಉಳಿದದ್ದರ ಮೇಲೆ ದಿನದಿನವೂ ಟೈಲ್ಸ್ ಕೂರುತ್ತಿದೆ.

ನನ್ನ ಮಾರ್ಗದರ್ಶಕರಾಗಿದ್ದ ಸರ್ ಬಹಳ ಕಟ್ಟುನಿಟ್ಟಿನವರು. ಚಿತ್ರದ ಮೇಲೆ ದೊಡ್ಡ ಪಾರದರ್ಶಕ ಹಾಳೆ ಹಚ್ಚಿ, ಒಂದು ಗೆರೆಯೂ ಬಿಡದೆ ಪಡಿಯಚ್ಚು ತೆಗೆಯಬೇಕು, ಕೊನೆಗೆ ಒಂದು ಫೋಟೊ ಎಂದು ಹೇಳಿಕೊಟ್ಟಿದ್ದರು. ಹಾಗೆ ಹದಿನೆಂಟು ಗೋಡೆಗಳ ಕೆಲಸ ಮುಗಿಸಿದ್ದೆ. ಹತ್ತೊಂಬತ್ತನೆಯದು ಅಂಕೋಲೆಯಿಂದ ಸ್ವಲ್ಪ ಒಳಗೆ, ಬೀರಣ್ಣ ಎಂಬವರ ಮನೆಯ ಪಕ್ಕದಲ್ಲಿದ್ದ ಮನೆತನದ ಗುಡಿ. ಅಲ್ಲೂ ಕಾವಿ ಇರಬಹುದು ಎಂದು ಬಸ್ಸಿನಲ್ಲಿ ಸಿಕ್ಕ ಒಬ್ಬರು ಹೇಳಿದ್ದರು, ಅಷ್ಟೇ. ಏನು ಚಿತ್ರ ಎಂದು ಅವರಿಗೂ ಗೊತ್ತಿರಲಿಲ್ಲ.

ನಾನು ಹೋದದ್ದು ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ. ಬೀರಣ್ಣ ಮನೆಯಲ್ಲಿರಲಿಲ್ಲ, ಮಾವು ಮಾರಲು ಪೇಟೆಗೆ ಹೋಗಿದ್ದರು. ಅಂಗಳದಲ್ಲಿ ಅವರ ತಾಯಿ ದೇವಮ್ಮ ಗೇರುಬೀಜ ಒಣಗಿಸುತ್ತ ಕೂತಿದ್ದರು. ಬೆಲ್ಲ, ನೀರು ಕೊಟ್ಟರು. ಯಾರ ಮನೆಯವಳು ಎಂದು ಕೇಳಿದರು. ಗುಡಿ ನೋಡಬೇಕಿತ್ತು ಎಂದಾಗ ಬೇರೇನೂ ಕೇಳದೆ ಕೀಲಿ ಕೊಟ್ಟರು.

ಗುಡಿಯ ಎಡಗೋಡೆಯ ಮೇಲೆ ಚಿತ್ರವಿತ್ತು. ಬಾಗಿಲಿನಿಂದ ಚೆನ್ನಾಗಿ ಬೆಳಕು ಬರುತ್ತಿತ್ತು. ಒಂದು ದೋಣಿ, ಅದರ ನಡುವೆ ಗಂಟು ಹಿಡಿದು ಕೂತ ಹೆಂಗಸು, ಆರು ಜನ ಅಂಬಿಗರು. ಕೊನೆಯವನೊಬ್ಬ ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತಿದ್ದ. ಅಂಬಿಗರು ಆರು ಮಂದಿಯಾದರೂ ಹುಟ್ಟುಗಳು ಏಳಿದ್ದವು. ಬರೆದವನ ತಪ್ಪೆಂದುಕೊಂಡು ಹಾಳೆಯ ಅಂಚಿನಲ್ಲಿ ಪ್ರಶ್ನೆಯ ಗುರುತು ಹಾಕಿದೆ. ಎರಡೂವರೆ ಗಂಟೆ ಹಿಡಿಯಿತು. ಹಾಳೆ ಗೋಡೆಯ ಮೇಲಿದ್ದಂತೆಯೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು, ಹಾಳೆ ಸುತ್ತಿಕೊಂಡು, ಕೀಲಿ ಮರಳಿಸಿ ಬಸ್ಸು ಹಿಡಿದೆ. ಆ ಹೊತ್ತಿನಲ್ಲಿ ನನಗೆ ಹೆದರಿಕೆಯಾಗಲಿಲ್ಲ, ಮೈ ಜುಮ್ಮೆನ್ನಲಿಲ್ಲ. ಸೊಳ್ಳೆ ಕಚ್ಚಿದ್ದು ಮಾತ್ರ ನೆನಪಿದೆ.

ದೋಣಿಯ ಚಿತ್ರ ಅಪರೂಪದ್ದು ಎಂದು ಸರ್ ಖುಷಿಯಾದರು. ಮುಂದಿನ ವಾರ ತಾವೇ ನೋಡಲು ನನ್ನನ್ನೂ ಕರೆದುಕೊಂಡು ಕಾರಿನಲ್ಲಿ ಹೊರಟರು. ಈ ಸಲ ಬೀರಣ್ಣ ಇದ್ದರು. ಐವತ್ತು ದಾಟಿದ, ಗಟ್ಟಿ ಧ್ವನಿಯ ಮನುಷ್ಯ. ನಾವು ಬಂದ ಕಾರಣ ಕೇಳಿ ಹುಬ್ಬು ಗಂಟಿಕ್ಕಿದರು.

"ಅಲ್ಲಿ ಎಂತ ಚಿತ್ರ ಅದೆ? ನಮ್ಮಪ್ಪ ಇರೂವಾಗೇ ಸಿಮೆಂಟ್ ಬಳ್ದಾಗದೆ."

ಅವರೇ ಬಾಗಿಲು ತೆರೆದರು. ಎಡಗೋಡೆ ಪೂರ್ತಿ ಸಿಮೆಂಟಿನದಾಗಿತ್ತು. ನಾನು ಮುಟ್ಟಿ ನೋಡಿದೆ, ಉಗುರಿನಿಂದ ಕೆರೆದೆ. ಒಂದು ವಾರದಲ್ಲಿ ಬಳಿದದ್ದಿರಬೇಕು, ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ನನಗೆ ಮೊದಲು ಅನುಮಾನ ಬಂದದ್ದು ಬೀರಣ್ಣನವರ ಮೇಲೆಯೇ. ಆದರೆ ಸಿಮೆಂಟಿನ ಮೇಲೆ ಹಳೆಯ ಬಣ್ಣದ ಚಕ್ಕೆ ಎದ್ದಿತ್ತು. ಕ್ಯಾಲೆಂಡರಿನ ಮೊಳೆಗಳು ತುಕ್ಕು ಹಿಡಿದು ಗೋಡೆಯಲ್ಲೇ ಮುರಿದಿದ್ದವು. ಒಂದು ವಾರದಲ್ಲಿ ಯಾರೂ ಮೊಳೆಗೆ ತುಕ್ಕು ಹಿಡಿಸಲಾರರು.

ಸರ್ ನನ್ನ ಮೊಬೈಲ್ ಕೇಳಿ ಆ ಫೋಟೊ ದೊಡ್ಡದು ಮಾಡಿ ನೋಡಿದರು. ಹಾಳೆಯ ಮೇಲೆ ನನ್ನ ಗೆರೆಗಳಿದ್ದವು. ಹಾಳೆಯ ಹಿಂದೆಯೂ ಅಂಚಿನಾಚೆಯೂ ಕಾಣುತ್ತಿದ್ದ ಗೋಡೆ ಬೂದು ಬಣ್ಣದ್ದು. ನಾನು ಅದನ್ನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ.

ಆಗಲೇ ದೇವಮ್ಮ ಬಾಗಿಲಿಗೆ ಬಂದು ನಿಂತದ್ದು. ನನ್ನ ಕೈಯಲ್ಲಿದ್ದ ಹಾಳೆ ಬಿಡಿಸಿ ನೋಡಿ, ಹಿಂದೆ ತಿರುಗಿದ ಅಂಬಿಗನ ಮೇಲೆ ಬೆರಳಿಟ್ಟರು.

"ಇಂವ ಹಿಂದೆ ನೋಡೂದು ಹೌದು. ನಾ ಮದುವಿಯಾಗಿ ಬಂದಾಗ ಇದು ಇತ್ತು."

"ಅಬ್ಬೆ, ನೀನೇ ಹೇಳಿಕೊಟ್ಯಾ ಇವರಿಗೆ?" ಎಂದು ಬೀರಣ್ಣ ಕೇಳಿದರು.

"ನಾ ಎಂತಕ್ಕೆ ಹೇಳ್ಲಿ? ಅವಳು ಕೇಳ್ಲೇ ಇಲ್ಲ."

ಬೀರಣ್ಣ ನಂಬಲಿಲ್ಲ. ಹೀಗೆ ಬ್ಯಾಗು ಹಾಕಿಕೊಂಡು ಬಂದವರ ಹಿಂದೆಯೇ ಊರಿನ ಹಳೆಯ ಮೂರ್ತಿಗಳು ಕಾಣೆಯಾಗುವುದನ್ನು ಕೇಳಿ ಬಲ್ಲೆ ಎಂದರು. ನನ್ನ ಫೋನ್ ನಂಬರ್ ಬರೆದುಕೊಂಡರು. ನಾವು ಹೊರಡುವಾಗ ಸರ್ ಅವರ ಕಾರಿನ ನಂಬರನ್ನೂ ಬರೆದುಕೊಂಡರು.

ಕಾರವಾರಕ್ಕೆ ಮರಳಿದೆವು. ಮನೆಯ ಹತ್ತಿರ ನನ್ನನ್ನು ಇಳಿಸುವಾಗ ಸರ್ ಹೇಳಿದರು: "ಅಜ್ಜಿ ಹೇಳಿದ್ದನ್ನ ಕೇಳಿ ನೀನು ಬರೆದಿದ್ದೀಯ. ಇದೊಂದು ಸುಳ್ಳಾದ್ರೆ ಉಳಿದ ಹದಿನೆಂಟು ಗೋಡೆ ನಾನು ಹೇಗಮ್ಮಾ ನಂಬ್ಲಿ?"

ಪ್ರಬಂಧಕ್ಕೆ ಅವರು ಸಹಿ ಹಾಕಲಿಲ್ಲ. ಸಹಪಾಠಿಯೊಬ್ಬಳನ್ನು ಸಾಕ್ಷಿಗೆ ಕರೆದುಕೊಂಡು ಹದಿನೆಂಟು ಗೋಡೆಗಳನ್ನೂ ಮತ್ತೆ ಅಳೆದು ಬಾ ಎಂದರು. ಅಳೆದೆ. ಎಲ್ಲ ಸರಿಯಿದ್ದವು. ಆದರೂ ತರಗತಿಯಲ್ಲಿ ನಾನು ಬಂದರೆ ಮಾತು ನಿಲ್ಲುತ್ತಿತ್ತು. ನನಗೇ ನನ್ನ ಮೇಲೆ ಅನುಮಾನ ಹುಟ್ಟಿತ್ತು. ಅಂದು ತೊಟ್ಟಿದ್ದ ಬಟ್ಟೆಯ ತೋಳಿನಲ್ಲಿ ಕೆಂಪು ಪುಡಿ ಹತ್ತಿತ್ತು, ನಿಜ. ಆದರೆ ನಮ್ಮ ಕಡೆ ಎಲ್ಲಿ ಕೂತೆದ್ದರೂ ಕೆಂಪು ಹತ್ತುತ್ತದೆ. ಮನಸ್ಸಿನಲ್ಲಿ ಒಂದು ದೋಣಿ ಕಟ್ಟಿಕೊಂಡು ಎರಡೂವರೆ ಗಂಟೆ ಖಾಲಿ ಸಿಮೆಂಟಿನ ಮೇಲೆ ಗೆರೆ ಎಳೆದೆನೇ? ಡಾಕ್ಟರರ ಹತ್ತಿರ ಹೋಗಬೇಕೆಂದು ಕೂಡ ಯೋಚಿಸಿದ್ದೆ.

ಜುಲೈನಲ್ಲಿ ಬೀರಣ್ಣನವರಿಂದ ಫೋನ್ ಬಂತು. ಮಳೆನೀರು ಇಳಿದು ಗುಡಿಯ ಸಿಮೆಂಟು ಉಬ್ಬಿ, ಒಂದು ದೊಡ್ಡ ಚಕ್ಕೆ ಬಿದ್ದುಹೋಗಿತ್ತು. "ನಿಮ್ಮ ಸರ್ನ ಕರ್ಕಂಡು ಬನ್ನಿ. ಆ ಹಾಳೆನೂ ತನ್ನಿ" ಎಂದಷ್ಟೇ ಹೇಳಿದರು. ಧ್ವನಿಯಲ್ಲಿ ಸ್ನೇಹವಿರಲಿಲ್ಲ.

ಬಿದ್ದ ಜಾಗದಲ್ಲಿ ಕೆಂಪು ನೆಲದ ಮೇಲೆ ಬಿಳಿಯ ದೋಣಿಯ ಮುಂಭಾಗ ಕಾಣುತ್ತಿತ್ತು. ನಾನೂ ಸರ್ ಅವರೂ ಹಾಳೆಯ ಎರಡು ತುದಿ ಹಿಡಿದು ಗೋಡೆಗೆ ತಾಗಿಸಿದೆವು. ಗೆರೆಯ ಮೇಲೆ ಗೆರೆ ಕೂತಿತು. ಹಿಂಭಾಗ ಇನ್ನೂ ಸಿಮೆಂಟಿನೊಳಗೇ ಇತ್ತು. ಬೀರಣ್ಣ ಗಾರೆಯವನನ್ನು ಕರೆಸಿದ್ದರು. ಅವನು ಸಣ್ಣ ಉಳಿಯಿಂದ ಬೆರಳಷ್ಟು ಬೆರಳಷ್ಟೇ ಬಿಡಿಸಿದ. ಹೆಂಗಸು, ಗಂಟು, ಹಿಂದೆ ನೋಡುವವನು, ಎಲ್ಲ ಅಲ್ಲೇ ಇದ್ದರು. ಸರ್ ಹುಟ್ಟುಗಳನ್ನು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಏಳು. ಅಜ್ಜಿ ಬಾಯಲ್ಲಿ ಹೇಳಿದ್ದನ್ನು ಕೇಳಿ ಗೆರೆಗೆ ಗೆರೆ ಕೂರುವಂತೆ ಬರೆಯುವುದು ಯಾರಿಗೂ ಸಾಧ್ಯವಿರಲಿಲ್ಲ.

ಬೀರಣ್ಣ ನನ್ನನ್ನೇ ನೋಡುತ್ತಿದ್ದರು. ಆ ಗುಡಿ ಅವರಿಗೂ ಕಾರವಾರದ ಬಳಿಯ ಕದ್ವಾಡದಲ್ಲಿದ್ದ ಅವರ ಚಿಕ್ಕಪ್ಪನ ಮಕ್ಕಳಿಗೂ ಪಾಲಿನದು, ಹಕ್ಕಿನ ಬಗ್ಗೆ ಸಣ್ಣ ಅಸಮಾಧಾನ ಇತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಅಂದು ಅವರು ಕೇಳಿದ್ದು ಇಷ್ಟೇ: "ಹಳೇ ಫೋಟೊ ಯಾರೋ ಕೊಟ್ಟಾರೆ ನಿಮಗೆ. ಯಾರು?"

ನಾನು ಹಾಳೆ ಸುತ್ತತೊಡಗಿದೆ. ಹಿಂದಿರುಗುವಾಗ ಸರ್ ದಾರಿಬದಿಗೆ ಕಾರು ನಿಲ್ಲಿಸಿದರು. ಮಳೆ ಸುರಿಯುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ಹಾಳೆಯ ಸುರುಳಿಯತ್ತ ಅವರು ಒಮ್ಮೆ ತಿರುಗಿ ನೋಡಿದರು.

"ಫೋಟೊ ಯಾರು ಕೊಟ್ರು ಅಂತ ನಾನು ಕೇಳೋದಿಲ್ಲ," ಎಂದರು. "ಇತ್ತು ಅಂತ ಮಾತ್ರ ಹೇಳು."

"ಇತ್ತು ಸರ್," ಎಂದೆ.

ಅವರ ಮುಖ ಸಡಿಲವಾಯಿತು. ಮೊದಲೇ ಹೇಳಬಾರದಿತ್ತೇ ಎಂದು ಮೆಲ್ಲಗೆ ಬೈದು ಕಾರು ಶುರು ಮಾಡಿದರು. ಮರುದಿನ ಸಹಿ ಹಾಕಿದರು. ಇಡೀ ಪ್ರಕರಣದಲ್ಲಿ ನಾನು ಹೇಳಿದ ಸುಳ್ಳು ಅದೊಂದೇ, ಎಲ್ಲರೂ ನಂಬಿದ್ದೂ ಅದೊಂದನ್ನೇ. ಪ್ರವಾಸಿಗರಿಗಾಗಿ ಮುಂದೆ ಒಂದು ಕಿರುಹೊತ್ತಗೆ ಅಚ್ಚಾದಾಗ, ಆ ದೋಣಿಯ ಚಿತ್ರದ ಕೆಳಗೆ "ಹಳೆಯ ಛಾಯಾಚಿತ್ರವೊಂದರ ನೆರವಿನಿಂದ ಪತ್ತೆಯಾದದ್ದು" ಎಂದು ಸರ್ ಒಂದು ಸಾಲು ಸೇರಿಸಿದರು.

ಬೀರಣ್ಣ ಆ ಸಾಲು ಓದಿದರು. ತಮ್ಮ ಮನೆಯಲ್ಲಿಲ್ಲದ ಫೋಟೊ ಕದ್ವಾಡದವರ ಹತ್ತಿರವೇ ಇರಬೇಕು, ಗುಡಿಯ ಮೇಲೆ ಹಕ್ಕು ಸಾಧಿಸಲು ಅವರೇ ನನ್ನನ್ನು ಕಳಿಸಿರಬೇಕು ಎಂದು ಅವರು ತೀರ್ಮಾನಿಸಿಬಿಟ್ಟರು. ಈಗ ಎರಡು ಮನೆಗಳ ನಡುವೆ ಮಾತಿಲ್ಲ. ದೇವಮ್ಮ ತೀರಿಕೊಂಡಾಗ ಕದ್ವಾಡದಿಂದ ಯಾರೂ ಬರಲಿಲ್ಲ ಎಂದು ಕೇಳಿದೆ.

ಬೀರಣ್ಣ ಈಗಲೂ ಒಮ್ಮೊಮ್ಮೆ ಫೋನ್ ಮಾಡಿ ಆ ಫೋಟೊದ ಒಂದು ಪ್ರತಿ ಕೊಡಿ ಎನ್ನುತ್ತಾರೆ. ಫೋಟೊ ಇರಲೇ ಇಲ್ಲ ಎಂದು ಹೇಳಿಬಿಡಬೇಕೆಂದು ಎರಡು ಸಲ ಅವರ ಅಂಗಳದವರೆಗೂ ಹೋಗಿ ಬಂದಿದ್ದೇನೆ. ಹೇಳಿದರೆ, ಹಾಗಾದರೆ ಏನು ನೋಡಿ ಬರೆದಿರಿ ಎಂದು ಅವರು ಮರುಕ್ಷಣವೇ ಕೇಳುತ್ತಾರೆ.