ಚಿನ್ನ ಸ್ಪ್ರಿಂಗ್ ಕಿತ್ತವನು

ಗೆಳೆಯರೇ, ನನಗೆ ತಮಿಳು ಬರುವುದಿಲ್ಲ. ಒಂಬತ್ತನೇ ಕ್ಲಾಸು ಬಿಟ್ಟು ಬಂಗಾರಪೇಟೆಯ ಗ್ಯಾರೇಜು ಸೇರಿದಾಗಿನಿಂದ, ಮೇಸ್ತ್ರಿ ಶೇಖರಣ್ಣ ಕನ್ನಡದ ನಡುವೆ ತಮಿಳು ಬೆರೆಸಿ ಏನಂದರೂ ತಲೆಯಾಡಿಸಿ ಅದನ್ನು ಮುಚ್ಚಿಟ್ಟಿದ್ದೆ.

ಭಾನುವಾರ ಮದ್ರಾಸಿನಲ್ಲಿ ರೇಸು. ನಾವು ಬಿಚ್ಚಿ ಜೋಡಿಸಿದ ಕಾರಿನ ಇಂಜಿನ್ನು ಜೋರು ಮಾಡಿದೊಡನೆ ಕೆಮ್ಮುತ್ತಿತ್ತು. ಪ್ಲಗ್ಗು, ಕಾರ್ಬುರೇಟರು ಬದಲಾಯಿಸಿದರೂ ಅಷ್ಟೇ. ಇಂದು ಶೇಖರಣ್ಣ ವಾಲ್ವ್ ಸ್ಪ್ರಿಂಗುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಕೊನೆಯದು ಮೆತ್ತಗಿತ್ತು.

"ಸ್ಪ್ರಿಂಗ್ ಸತ್ತೋಗದೆ! ಅಂಗಡಿಯೋನು ಹಳೇದು ಕೊಟ್ಟವ್ನೆ. ಈಗ್ಲೇ ಓಗಿ ವಿಚಾರಿಸ್ಕೊಂತೀನಿ!"

ಆಗಲೇ ನನಗೆ ಹೊಳೆದದ್ದು. ಪ್ರತಿ ವಾಲ್ವಿಗೂ ಒಂದರೊಳಗೊಂದು ಎರಡು ಸ್ಪ್ರಿಂಗು. ಕೊನೆಯದರ ಒಳಗಿನದು ನನ್ನ ಡಬ್ಬಿಯಲ್ಲಿತ್ತು. ತೆಗೆದು ಅವರ ಕೈಗಿಟ್ಟೆ.

"ನೀವೇ 'ಚಿನ್ನ ಸ್ಪ್ರಿಂಗ್ ಕೀಳೆ' ಅಂದ್ರಲ್ಲಣ್ಣ. ಚಿನ್ನದ ಬಣ್ಣದ್ದು ಇದೊಂದೇ ಇತ್ತು, ಕಿತ್ತೆ."

"ಲೇ, ತಮಿಳಲ್ಲಿ ಚಿನ್ನ ಅಂದ್ರೆ ಸಣ್ಣದು, ಕೀಳೆ ಅಂದ್ರೆ ಕೆಳಗೆ ಕಣ್ಲಾ! ಸಣ್ಣದನ್ನ ಒಳಗೆ ಕೆಳಗಂಟ ಕೂರ್ಸು ಅಂದೆ!"

ಕೆಲಸ ಹೋಯಿತು ಎಂದುಕೊಂಡೆ. ಸ್ಪ್ರಿಂಗು ಕೂರಿಸಿದ ಮೇಲೆ ಇಂಜಿನ್ನು ಎಷ್ಟು ಜೋರು ಮಾಡಿದರೂ ಕೆಮ್ಮಲಿಲ್ಲ. ಶೇಖರಣ್ಣ ಕೈ ಒರೆಸಿಕೊಳ್ಳುತ್ತಾ, "ತಮಿಳು ಕಲಿಯೋಗಂಟ ನಿನ್ನ ಬಿಡಾಕಿಲ್ಲ, ನೀನೂ ರೇಸಿಗೆ ಬಾ" ಎಂದರು.

ಚಿನ್ನದ ಗಣಿಯ ಊರಿನ ಪಕ್ಕದಲ್ಲಿದ್ದು ಚಿನ್ನದ ಅರ್ಥ ತಿಳಿಯದವನಿಗೆ ಇದೇ ಶಿಕ್ಷೆಯಂತೆ. ನಾಳೆ ಬೆಳಗ್ಗೆ ಮದ್ರಾಸಿಗೆ ಹೊರಡುತ್ತೇನೆ.